ಜಲ್ಲಿ ಹಾಸಿದ ಪಾರ್ಕಿಂಗ್ ಅಂಗಳ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿಯಿಂದ ದೇವಿಮನೆ ಘಟ್ಟದ ಕಡೆ ಹೋಗುವ ದಾರಿಯಲ್ಲಿ ನಮ್ಮದೊಂದು ಸಣ್ಣ ಹೋಮ್‌ಸ್ಟೇ ಇದೆ. ಎದುರಿಗೆ ಹತ್ತು ಕಾರು ನಿಲ್ಲುವಷ್ಟು ಜಲ್ಲಿ ಅಂಗಳ. ಅದನ್ನು ಎರಡು ಸಲ ಹಾಳು ಮಾಡಿಕೊಂಡು ಮೂರನೇ ಸಲ ಸರಿ ಮಾಡಿದ್ದೇನೆ. ಆಮೇಲೆ ನೆಂಟರು, ಊರವರು, ಕಾರವಾರ-ಭಟ್ಕಳ ಕಡೆಯ ಹೋಟೆಲಿನವರು, ಕಲ್ಯಾಣ ಮಂಟಪದವರು ಕೇಳಿದ್ದನ್ನೆಲ್ಲ ಒಂದು ಪಟ್ಟಿಯಲ್ಲಿ ಬರೆದಿಡುತ್ತಾ ಬಂದೆ. ಕೆಲವು ಪ್ರಶ್ನೆಗಳು ಹಿಮ ಬೀಳುವ ಊರುಗಳಿಂದ ಬಂದವು. ಮಕ್ಕಳು ದೂರದೇಶದಲ್ಲಿರುವ ಮನೆಗಳು ನಮ್ಮ ಕಡೆ ಕಡಿಮೆಯೇನಿಲ್ಲ. ಕೇಳಿದವರ ಮಾತನ್ನೇ ತಲೆಬರಹ ಮಾಡಿದ್ದೇನೆ.

## ಶುರು ಮಾಡುವ ಮೊದಲು

ಜಲ್ಲಿ ಯಾಕೆ ಮಾರಾಯ್ರೇ? ಒಂದೇ ಸಲ ಕಾಂಕ್ರೀಟ್ ಹಾಕಿದ್ರೆ ಮುಗೀತಲ್ವಾ?

ಮುಗಿಯುವುದಿಲ್ಲ. ಅಡಿಪಾಯ ಸರಿಯಿಲ್ಲದಿದ್ದರೆ ಕಾಂಕ್ರೀಟೂ ಬಿರುಕು ಬಿಡುತ್ತದೆ. ಬಿಟ್ಟ ಮೇಲೆ ಅದನ್ನು ಒಡೆದು ತೆಗೆಯುವ ಖರ್ಚು ಬೇರೆ. ಜಲ್ಲಿ ಹಾಳಾದರೆ ಒಂದು ಹಾರೆ, ಒಂದು ಬುಟ್ಟಿ, ಅರ್ಧ ದಿನ ಸಾಕು. ಖರ್ಚೂ ಬಹಳ ಕಡಿಮೆ. ಆದರೆ ಎರಡು ಜಾಗದಲ್ಲಿ ನಾನೇ ಕಾಂಕ್ರೀಟ್ ಹಾಕಿ ಎನ್ನುತ್ತೇನೆ. ಒಂದು, ರಸ್ತೆಯಿಂದ ಒಳಗೆ ಬರುವ ಕಡಿದಾದ ಏರು. ಅಲ್ಲಿ ಚಕ್ರ ತಿರುಗಿ ತಿರುಗಿ ಜಲ್ಲಿ ಎಲ್ಲ ಕೆಳಗೆ ಉದುರುತ್ತದೆ. ಇನ್ನೊಂದು, ಗೇಟಿನ ಬಾಯಿಯ ಎರಡು ಮೂರು ಮೀಟರ್. ಅಲ್ಲಿ ಕಾಂಕ್ರೀಟ್ ಇಲ್ಲದಿದ್ದರೆ ನಿಮ್ಮ ಜಲ್ಲಿ ಡಾಂಬರು ರಸ್ತೆಗೆ ಬಂದು ಬೈಕಿನವರು ಜಾರುತ್ತಾರೆ.

ನಮ್ಮಲ್ಲಿ ಚಿರೆಕಲ್ಲಿನ ನೆಲ. ಗಟ್ಟಿನೇ ಇದ್ಯಲ್ಲ, ಮೇಲೆ ಎರಡು ಲೋಡ್ ಜಲ್ಲಿ ಸುರಿದ್ರೆ ಸಾಕಾ?

ಇದೇ ತಪ್ಪನ್ನು ನಾನು ಮೊದಲ ಸಲ ಮಾಡಿದ್ದು. ಮೇ ತಿಂಗಳ ಬಿಸಿಲಿಗೆ ಕೆಂಪು ನೆಲ ಗುದ್ದಲಿಗೂ ಬಗ್ಗುತ್ತಿರಲಿಲ್ಲ. ಇಷ್ಟು ಗಟ್ಟಿ ನೆಲಕ್ಕೆ ಇನ್ನೇನು ಬೇಕು ಅಂದುಕೊಂಡು ಎರಡು ಟಿಪ್ಪರ್ ಜಲ್ಲಿ ಸುರಿಸಿ ಹರಡಿದೆ. ಜುಲೈನಲ್ಲಿ ಚಕ್ರದ ದಾರಿ ಮಾತ್ರ ಕೆಂಪಗೆ ಕಾಣಿಸಿತು. ಆಗಸ್ಟ್ ಮುಗಿಯುವಾಗ ಜಲ್ಲಿಯೇ ಕಾಣಲಿಲ್ಲ. ಯಾರೂ ಕದ್ದಿರಲಿಲ್ಲ, ಎಲ್ಲ ನೆಲದೊಳಗೇ ಇತ್ತು.

ಆಗುವುದು ಇಷ್ಟೆ. ಚಿರೆಕಲ್ಲು ಬೇರೆ, ಅದರ ಮೇಲಿನ ಕೆಮ್ಮಣ್ಣು ಬೇರೆ. ಕೆಮ್ಮಣ್ಣಿಗೆ ನೀರು ತಾಗಿದರೆ ದೋಸೆ ಹಿಟ್ಟಿನ ಹದಕ್ಕೆ ಬರುತ್ತದೆ. ಮೇಲಿನಿಂದ ಚಕ್ರ ಒತ್ತಿದಾಗ ಜಲ್ಲಿ ಕೆಳಗಿಳಿಯುತ್ತದೆ, ಕೆಸರು ಸಂದಿನಲ್ಲಿ ಮೇಲೆ ಬರುತ್ತದೆ. ಅದಕ್ಕೇ ಮೇಲಿನ ಮೆತ್ತಗಿನ ಮಣ್ಣು, ಬೇರು, ದರಕು (ಉದುರಿದ ಒಣ ಎಲೆ) ಎಲ್ಲವನ್ನೂ ಕೆರೆದು ತೆಗೆಯಲೇಬೇಕು. ನಮ್ಮಲ್ಲಿ ಒಂದಡಿ ಹೋಯಿತು. ನಿಜವಾದ ಚಿರೆಕಲ್ಲಿನ ಹಾಸು ಸಿಕ್ಕಿದರೆ ನಿಮ್ಮ ಅದೃಷ್ಟ, ತೆಳುವಾಗಿ ಹಾಕಿದರೂ ನಡೆಯುತ್ತದೆ.

ಹತ್ತು ಕಾರಿಗೆ ಎಷ್ಟು ಜಾಗ ಬೇಕು?

ಒಂದು ಕಾರಿಗೆ 2.5 ಮೀಟರ್ ಅಗಲ, 5 ಮೀಟರ್ ಉದ್ದ. ಎದುರುಬದುರು ಐದೈದು ನಿಲ್ಲಿಸಿ ನಡುವೆ 6 ಮೀಟರ್ ದಾರಿ ಬಿಟ್ಟರೆ 12.5 ಮೀಟರ್ ಅಗಲ, 16 ಮೀಟರ್ ಉದ್ದ. ಅಂದರೆ 200 ಚದರ ಮೀಟರ್. ಬರುವ ದಾರಿ ಬೇರೆ ಸೇರಿಸಿಕೊಳ್ಳಿ. ಜಲ್ಲಿಯ ಮೇಲೆ ಬಿಳಿ ಗೆರೆ ಎಳೆಯಲು ಬರುವುದಿಲ್ಲ. ನಾನು ತಲೆಭಾಗದಲ್ಲಿ ಒಂದೊಂದು ಚಿರೆಕಲ್ಲು ಹೂತು ಸುಣ್ಣ ಹೊಡೆದಿದ್ದೇನೆ. ಜನ ಅದನ್ನು ನೋಡಿ ಸರಿಯಾಗಿಯೇ ನಿಲ್ಲಿಸುತ್ತಾರೆ.

ಯಾವ ತಿಂಗಳಲ್ಲಿ ಕೆಲಸ ಶುರು ಮಾಡ್ಬೇಕು?

ನೋಡುವ ಕೆಲಸ ಜುಲೈನಲ್ಲಿ. ಜೋರು ಮಳೆ ಬೀಳುವಾಗ ಕೊಡೆ ಹಿಡಿದುಕೊಂಡು ಜಾಗದಲ್ಲಿ ಓಡಾಡಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಹೊರಗೆ ಹೋಗುತ್ತದೆ ನೋಡಿ ಗೂಟ ಹೊಡೆಯಿರಿ. ಬೇಸಿಗೆಯಲ್ಲಿ ಯಾವ ಇಂಜಿನಿಯರ್ ಬಂದರೂ ಇದು ಕಾಣುವುದಿಲ್ಲ. ಉಂಬಳ (ಜಿಗಣೆ) ಹತ್ತುತ್ತದೆ, ಅದಕ್ಕೆ ಏನೂ ಮಾಡಲಿಕ್ಕಾಗದು.

ಅಗೆಯುವುದು ಮಳೆ ಬಿಟ್ಟ ಮೇಲೆ, ನವೆಂಬರ್ ಹೊತ್ತಿಗೆ. ಕೆಳಪದರ ಡಿಸೆಂಬರ್-ಜನವರಿಯಲ್ಲಿ. ಆಮೇಲೆ ಎರಡು ತಿಂಗಳು ಗಾಡಿ ಓಡಾಡಲಿ. ಎಲ್ಲಿ ಕುಸಿಯುತ್ತದೋ ಅಲ್ಲಿ ತುಂಬಿಸಿ, ಮಾರ್ಚ್‌ನಲ್ಲಿ ಮೇಲ್ಪದರ ಹಾಕಿ. ಏಪ್ರಿಲ್-ಮೇ ತಿಂಗಳಿಗೆ ಇಟ್ಟುಕೊಂಡರೆ ರೋಲರ್ ಸಿಗುವುದಿಲ್ಲ, ಟಿಪ್ಪರ್ ಸಿಗುವುದಿಲ್ಲ. ಎಲ್ಲರಿಗೂ ಮಳೆಗಿಂತ ಮೊದಲೇ ಮುಗಿಯಬೇಕಲ್ಲ!

ತೋಟದ ಪಕ್ಕ ನಮ್ಮ ಬೆಟ್ಟ ಇದೆ. ಸುಮ್ನೆ ಬಿದ್ದಿದೆ. ಅಲ್ಲಿ ಮಾಡ್ಬಹುದಾ?

ಸೊಪ್ಪಿನ ಬೆಟ್ಟ ಆದರೆ ಬೇಡ. ಅದು ತೋಟಕ್ಕೆ ಸೊಪ್ಪು, ದರಕು ತರಲಿಕ್ಕೆ ಕೊಟ್ಟ ಜಾಗ. ಅಲ್ಲಿ ಜೆಸಿಬಿ ಇಳಿಸಿದರೆ ಅರಣ್ಯ ಇಲಾಖೆಯ ಕೇಸು ಬೀಳುತ್ತದೆ. ಸ್ವಂತ ಗದ್ದೆ, ತೋಟದ ಜಾಗವಾದರೂ ವ್ಯಾಪಾರದ ಪಾರ್ಕಿಂಗ್ ಮಾಡುವುದಾದರೆ ಕೃಷಿಯೇತರ ಅಂತ ಪರಿವರ್ತನೆ ಮಾಡಿಸಿಕೊಳ್ಳಬೇಕು. ಮನೆಯ ಎರಡು ಕಾರು ನಿಲ್ಲಿಸುವ ಅಂಗಳಕ್ಕೂ, ದುಡ್ಡು ತೆಗೆದುಕೊಂಡು ನಿಲ್ಲಿಸುವ ಜಾಗಕ್ಕೂ ವ್ಯತ್ಯಾಸ ಇದೆ. ಕರಾವಳಿಯವರು ಸಿಆರ್‌ಝಡ್ (ಕಡಲ ದಂಡೆಯ ಕಟ್ಟಡ, ಕೆಲಸಗಳಿಗೆ ನಿರ್ಬಂಧ ಇರುವ ವಲಯ) ಗೆರೆ ಎಲ್ಲಿದೆ ಎಂದೂ ವಿಚಾರಿಸಿಕೊಳ್ಳಿ.

## ಕಲ್ಲು, ಮಣ್ಣು, ಲೆಕ್ಕ

ಹೊಳೆ ಕಲ್ಲು ನುಣ್ಣಗೆ ಚೆಂದ ಕಾಣ್ತದೆ. ಅದನ್ನೇ ಹಾಕಿದ್ರೆ?

ತುಳಸಿಕಟ್ಟೆಯ ಸುತ್ತ ಹಾಕಿ, ಚೆಂದವೇ. ಗಾಡಿ ನಿಲ್ಲಿಸುವಲ್ಲಿ ಬೇಡ. ದುಂಡಗಿನ ಕಲ್ಲು ಒಂದಕ್ಕೊಂದು ಹಿಡಿದುಕೊಳ್ಳುವುದಿಲ್ಲ. ನೆಲದ ಮೇಲೆ ಬಟಾಣಿ ಚೆಲ್ಲಿ ನಡೆದ ಹಾಗೆ. ಕ್ರಷರ್‌ನಲ್ಲಿ ಒಡೆದ ಜಲ್ಲಿಗೆ ಮೂಲೆ ಇರುತ್ತದೆ, ಒತ್ತಿದಷ್ಟೂ ಒಂದರೊಳಗೊಂದು ಕಚ್ಚಿಕೊಂಡು ಕೂರುತ್ತದೆ. ಜಲ್ಲಿ ಅಂಗಳ ನಿಲ್ಲುವುದೇ ಈ ಕಚ್ಚುವಿಕೆಯ ಮೇಲೆ.

ಕ್ರಷರ್‌ನವನು 40 ಎಂಎಂ ಬೇಕಾ, 20 ಬೇಕಾ, ಡಸ್ಟ್ ಬೇಕಾ ಅಂತ ಕೇಳ್ತಾನೆ. ಏನು ಹೇಳ್ಲಿ?

ಕೆಳಗೆ ದಪ್ಪ, ಮೇಲೆ ಸಣ್ಣ. ಕೆಳಪದರಕ್ಕೆ 40 ಎಂಎಂ ಮತ್ತು ಅದಕ್ಕಿಂತ ಸಣ್ಣದು ಬೆರೆತ ಖಡಿ. ಮೇಲ್ಪದರಕ್ಕೆ 20 ಎಂಎಂ, 12 ಎಂಎಂ ಮತ್ತು ಡಸ್ಟ್, ಅಂದರೆ ಕ್ರಷರ್‌ನ ಕಲ್ಲುಪುಡಿ, ಬೆರೆಸಿದ್ದು. ರಸ್ತೆ ಕೆಲಸಕ್ಕೆ ಹೋಗುವ ವೆಟ್ ಮಿಕ್ಸ್ ಸಿಕ್ಕಿದರೆ ಬಹಳ ಒಳ್ಳೆಯದು. ಅದರಲ್ಲಿ ಎಲ್ಲ ಅಳತೆಯ ಕಲ್ಲೂ ಲೆಕ್ಕದಲ್ಲಿ ಬೆರೆತಿರುತ್ತದೆ.

ಜನ ತಪ್ಪುವುದು ಇಲ್ಲೇ. ಚೆಂದ ಕಾಣಲಿ ಎಂದು ತೊಳೆದ ಹಾಗಿರುವ ಬರೀ 20 ಎಂಎಂ ಜಲ್ಲಿ ತರಿಸುತ್ತಾರೆ. ಎಷ್ಟು ರೋಲರ್ ಓಡಿಸಿದರೂ ಅದು ಕೂರುವುದಿಲ್ಲ. ಸಂದು ತುಂಬಲು ಪುಡಿ ಬೇಕು. ಹಾಗಂತ ಪುಡಿ ಜಾಸ್ತಿಯಾದರೂ ತೊಂದರೆ, ಮಳೆಯಲ್ಲಿ ರಾಡಿ, ಬೇಸಿಗೆಯಲ್ಲಿ ಧೂಳು. ಮೇಲ್ಪದರದಲ್ಲಿ ಹಿಟ್ಟಿನಂಥ ನಯವಾದ ಪುಡಿ ನೂರಕ್ಕೆ ಹತ್ತರ ಆಸುಪಾಸು ಇದ್ದರೆ ಹದ. ಕೆಳಪದರದಲ್ಲಿ ಅದಕ್ಕಿಂತ ಕಡಿಮೆ ಇರಲಿ, ಅಲ್ಲಿ ನೀರು ಬಸಿದು ಹೋಗಬೇಕು.

ಎಷ್ಟು ದಪ್ಪ ಹಾಕ್ಬೇಕು? ಎಷ್ಟು ಬ್ರಾಸ್ ಬೇಕಾಗ್ತದೆ?

ಗಟ್ಟಿ ನೆಲದ ಮೇಲೆ ಕಾರಿಗೆ ಮಾತ್ರ ಅಂದರೆ ಒತ್ತಿದ ಮೇಲೆ 20 ಸೆಂಟಿಮೀಟರ್. ಕೆಳಗೆ 15, ಮೇಲೆ 5. ಬಸ್ಸು, ಅಡಿಕೆ ಲೋಡಿನ ಲಾರಿ ಬರುವುದಾದರೆ 30ಕ್ಕೆ ಹೋಗಿ.

ಲೆಕ್ಕ ಹೀಗೆ. 200 ಚದರ ಮೀಟರ್‌ಗೆ 15 ಸೆಂಟಿಮೀಟರ್ ಅಂದರೆ 30 ಘನ ಮೀಟರ್. ಸಡಿಲ ಜಲ್ಲಿ ಒತ್ತಿದಾಗ ಕುಗ್ಗುತ್ತದೆ, ಕಾಲು ಭಾಗ ಹೆಚ್ಚೇ ತರಿಸಬೇಕು. ಹಾಗಾಗಿ 37.5 ಘನ ಮೀಟರ್. ಒಂದು ಬ್ರಾಸ್ ಅಂದರೆ 100 ಘನ ಅಡಿ, 2.83 ಘನ ಮೀಟರ್. ಅಲ್ಲಿಗೆ ಕೆಳಪದರಕ್ಕೆ 13 ಬ್ರಾಸ್ ಚಿಲ್ಲರೆ, ಮೇಲ್ಪದರಕ್ಕೆ ನಾಲ್ಕೂವರೆ. ಟಿಪ್ಪರ್ ಬಂದಾಗ ಟೇಪು ಹಿಡಿದು ತೊಟ್ಟಿಯ ಉದ್ದ, ಅಗಲ, ಜಲ್ಲಿಯ ಎತ್ತರ ಅಡಿಯಲ್ಲಿ ಅಳೆದು ಗುಣಿಸಿ 100ರಿಂದ ಭಾಗಿಸಿ. ಡ್ರೈವರ್ ಮುಖ ಸಿಂಡರಿಸಿದರೂ ಪರವಾಗಿಲ್ಲ. ನಾನು ಅಳೆಯಲು ಶುರು ಮಾಡಿದ ಮೇಲೆ ಲೋಡು ತಾನಾಗಿ ದೊಡ್ಡದಾಯಿತು.

ಜಲ್ಲಿ ಬದಲು ಗರಸು ಮಣ್ಣು ಹಾಕಿದ್ರೆ ಅಗ್ಗ ಅಲ್ವಾ?

ಅಗ್ಗ ಹೌದು. ಹಾಳುಮಣ್ಣು ತೆಗೆದ ಗುಂಡಿ ತುಂಬಿ ಎತ್ತರಿಸಲಿಕ್ಕೆ ಗರಸು ಒಳ್ಳೆಯದೇ. ಮುಂಡಗೋಡ, ಹಳಿಯಾಳದ ಕಡೆ ಮಳೆ ಕಡಿಮೆ, ಅಲ್ಲಿ ಮೇಲ್ಪದರಕ್ಕೂ ಹೇಗೋ ನಡೆದೀತು. ಘಟ್ಟದ ಅಂಚಿಗೆ, ಕರಾವಳಿಗೆ ಅದು ಒಂದು ಮಳೆಗಾಲದ ಆಟ. ಎಲ್ಲಿಂದ ಅಗೆದು ತರುತ್ತಾರೆ ಎಂದೂ ಕೇಳಿ. ಪರವಾನಗಿ ಇಲ್ಲದ ಮಣ್ಣು ತರಿಸಿ ಗಾಡಿ ಹಿಡಿದರೆ ಕೆಲಸ ನಿಲ್ಲುತ್ತದೆ.

ಕೆಳಗೆ ಬಟ್ಟೆ ಹಾಸ್ಬೇಕು ಅಂತ ಯೂಟ್ಯೂಬಲ್ಲಿ ನೋಡಿದೆ. ನಮ್ಮನೇಲಿ ಹಳೇ ತಾಡಪತ್ರಿ ಇದೆ, ಆಗ್ತದಾ?

ತಾಡಪತ್ರಿ ಬೇಡ. ಅದು ನೀರನ್ನು ತಡೆದು ಹಿಡಿಯುತ್ತದೆ, ಮೇಲಿನ ಜಲ್ಲಿ ಅದರ ಮೇಲೆ ಜಾರುತ್ತದೆ. ಅವರು ಹೇಳಿದ್ದು ಜಿಯೋಟೆಕ್ಸ್‌ಟೈಲ್. ಅದರಲ್ಲಿ ನೀರು ಇಳಿಯುತ್ತದೆ, ಮಣ್ಣು ಮಾತ್ರ ಮೇಲೆ ಬರುವುದಿಲ್ಲ. ನನ್ನ ಮೊದಲ ಅಂಗಳ ನುಂಗಿಹೋಯಿತಲ್ಲ, ಈ ಬಟ್ಟೆ ಇದ್ದಿದ್ದರೆ ಅಷ್ಟು ಬೇಗ ಹೋಗುತ್ತಿರಲಿಲ್ಲ. ಹಳೆ ಗದ್ದೆ, ಜೌಗು, ಕೆಮ್ಮಣ್ಣು ಇದ್ದಲ್ಲಿ ಖಂಡಿತ ಹಾಕಿ. ಒಂದರ ಮೇಲೊಂದು ಒಂದೂವರೆ ಅಡಿ ಬರುವಂತೆ ಹಾಸಬೇಕು. ಬಟ್ಟೆಯ ಮೇಲೆ ಟಿಪ್ಪರ್ ನೇರವಾಗಿ ಹತ್ತಬಾರದು. ಹಿಂದಿನಿಂದ ಸುರಿಯುತ್ತಾ, ಸುರಿದ ಜಲ್ಲಿಯ ಮೇಲೇ ಮುಂದೆ ಬರಬೇಕು.

ರೋಲರ್ ಬೇಕೇ ಬೇಕಾ? ಕಾರು ಓಡಾಡಿ ತಾನಾಗೇ ಕೂರ್ತದಲ್ಲ?

ಕಾರು ಓಡಾಡಿದಲ್ಲಿ ಮಾತ್ರ ಕೂರುತ್ತದೆ, ಉಳಿದದ್ದು ಸಡಿಲವೇ. ಆಗ ಎರಡು ಚಕ್ರದ ದಾರಿಯೇ ಎರಡು ಕಾಲುವೆ. ಸಣ್ಣ ಅಂಗಳಕ್ಕೆ ಪ್ಲೇಟ್ ಕಾಂಪ್ಯಾಕ್ಟರ್ ಬಾಡಿಗೆಗೆ ತನ್ನಿ, ಆದರೆ ಅದಕ್ಕೆ ಪದರ ಮೂರು ನಾಲ್ಕು ಇಂಚು ಮೀರಬಾರದು. ದೊಡ್ಡದಕ್ಕೆ 8-10 ಟನ್ನಿನ ರೋಲರ್. ಅದರಲ್ಲೂ ಒಂದು ಸಲಕ್ಕೆ ಅರ್ಧ ಅಡಿಗಿಂತ ದಪ್ಪ ಹಾಕಿ ಒತ್ತಬೇಡಿ, ಮೇಲೆ ಗಟ್ಟಿ ಕಂಡರೂ ಕೆಳಗೆ ಪೊಳ್ಳು ಉಳಿಯುತ್ತದೆ.

ನೀರಿನ ಹದ ಮುಖ್ಯ. ಡಸ್ಟ್ ಬೆರೆತ ಜಲ್ಲಿಯನ್ನು ಒಂದು ಮುಷ್ಟಿ ಹಿಡಿದು ಒತ್ತಿ. ಉಂಡೆಯಾಗಿ ನಿಲ್ಲಬೇಕು, ಕೈಯಲ್ಲಿ ನೀರು ಸೋರಬಾರದು. ಉದುರಿದರೆ ನೀರು ಚಿಮುಕಿಸಿ. ಸೋರಿದರೆ ಒಂದು ದಿನ ಬಿಡಿ. ಚುರುಮುರಿ ಉಂಡೆ ಕಟ್ಟುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

## ನೀರು

ಸಪಾಟಾಗಿದ್ರೆ ಗಾಡಿ ನಿಲ್ಲಿಸೋಕೆ ಆರಾಮ. ಇಳಿಜಾರು ಯಾಕೆ ಕೊಡ್ಬೇಕು?

ಸಪಾಟು ಜಲ್ಲಿ ಅಂಗಳ ಅಂದರೆ ಕೆರೆ ಅಂತಲೇ ಲೆಕ್ಕ. ಕಾಂಕ್ರೀಟಿಗೆ ನೂರಕ್ಕೆ ಒಂದು ಕೊಟ್ಟರೂ ನೀರು ಓಡುತ್ತದೆ. ಜಲ್ಲಿಗೆ ನೂರಕ್ಕೆ ಮೂರು ಬೇಕು, ಅಂದರೆ 10 ಮೀಟರ್‌ಗೆ 30 ಸೆಂಟಿಮೀಟರ್. ಕೇಳಲಿಕ್ಕೆ ಜಾಸ್ತಿ ಅನಿಸುತ್ತದೆ, ನಿಂತರೆ ಗೊತ್ತೇ ಆಗುವುದಿಲ್ಲ. ಐದು ಮೀರಿದರೆ ನೀರು ಜಲ್ಲಿಯನ್ನೇ ಹೊತ್ತುಕೊಂಡು ಹೋಗುತ್ತದೆ. ಕಣ್ಣಂದಾಜು ನಂಬಬೇಡಿ. ಮೇಸ್ತ್ರಿಗಳ ಹತ್ತಿರ ಇರುವ ಲೆವೆಲ್ ಪೈಪು ಸಾಕು. ಅಂಗಳದ ನಡುವೆ ಗುಂಡಿಯಾಗದ ಹಾಗೆ ಒಂದೇ ಕಡೆ ಇಳಿಯಲಿ, ಇಲ್ಲವಾದರೆ ಆಮೆಯ ಬೆನ್ನಿನ ಹಾಗೆ ಎರಡೂ ಕಡೆ ಇಳಿಯಲಿ.

ಗಟಾರ ಎಷ್ಟು ದೊಡ್ಡದು ಬೇಕು?

ಹವಾಮಾನ ಇಲಾಖೆ ಒಂದು ದಿನಕ್ಕೆ 204.4 ಮಿಲಿಮೀಟರ್ ಮೀರಿದರೆ ಅತ್ಯಂತ ಭಾರಿ ಮಳೆ ಎನ್ನುತ್ತದೆ. ನಮ್ಮ ಜಿಲ್ಲೆಯಲ್ಲಿ ಅಂಥ ದಿನ ಹೊಸದಲ್ಲ. 200 ಚದರ ಮೀಟರ್ ಅಂಗಳದ ಮೇಲೆ ಅಷ್ಟು ಬಿದ್ದರೆ 40 ಸಾವಿರ ಲೀಟರ್ ದಾಟುತ್ತದೆ. ಇದು ನಿಮ್ಮ ಅಂಗಳದ ನೀರು ಮಾತ್ರ. ಹಿಂದಿನ ಗುಡ್ಡದಿಂದ, ಮನೆಯ ಮಾಡಿನಿಂದ ಬರುವುದು ಬೇರೆ.

ನನ್ನ ಎರಡನೇ ಅಂಗಳ ಹೋಗಿದ್ದು ಇದರಿಂದಲೇ. ಜಲ್ಲಿ ಸರಿಯಿತ್ತು, ದಪ್ಪ ಸರಿಯಿತ್ತು, ಒತ್ತಿದ್ದೂ ಸರಿಯಿತ್ತು. ಮೇಲಿನ ಗುಡ್ಡದ ನೀರಿಗೆ ದಾರಿ ಮಾಡಿರಲಿಲ್ಲ. 2019ರ ಆಗಸ್ಟ್ ಮಳೆ ಒಂದೇ ರಾತ್ರಿಯಲ್ಲಿ ಅಂಗಳದ ನಡುವೆ ಮೊಣಕಾಲುದ್ದದ ಕೊರಕಲು ಕೊರೆದಿತ್ತು. ತೋಟದಲ್ಲಿ ಕಾದಿಗೆ (ನೀರು ಬಸಿಯುವ ಕಾಲುವೆ) ತೆಗೆಯದೆ ಅಡಿಕೆ ಸಸಿ ನೆಡುವ ಹೆಡ್ಡ ನಮ್ಮ ಸೀಮೆಯಲ್ಲಿ ಯಾರೂ ಇಲ್ಲ. ಅದೇ ಜನ, ನಾನೂ ಸೇರಿ, ಅಂಗಳ ಮಾಡುವಾಗ ಜಲ್ಲಿಗೆ ದುಡ್ಡು ಎಣಿಸಿ ಗಟಾರವನ್ನು ಆಮೇಲೆ ನೋಡುವ ಎನ್ನುತ್ತೇವೆ.

ಈಗ ಮಾಡಿದ್ದು ಹೀಗೆ. ಗುಡ್ಡದ ಬದಿಗೆ ಒಂದು ತಡೆ ಗಟಾರ, ಎರಡಡಿ ಅಗಲ, ಒಂದೂವರೆ ಅಡಿ ಆಳ. ಮೇಲಿನ ನೀರು ಅಂಗಳಕ್ಕೆ ಬರುವುದೇ ಇಲ್ಲ. ಕೆಳಬದಿಗೆ ಇನ್ನೊಂದು ಸಣ್ಣದು. ಎರಡೂ ಸೇರುವಲ್ಲಿ ಮಣ್ಣು ಕೂರಲು ಒಂದು ಗುಂಡಿ, ಅಲ್ಲಿಂದ ಹಳ್ಳಕ್ಕೆ. ಪಕ್ಕದವರ ತೋಟಕ್ಕೆ ನೀರು ಬಿಡಬೇಡಿ, ಅಣ್ಣ ತಮ್ಮಂದಿರ ನಡುವೆ ಮಾತು ನಿಂತಿದ್ದನ್ನು ಕಂಡಿದ್ದೇನೆ. ಕುಡಿಯುವ ಬಾವಿಯ ಕಡೆಗೂ ಬೇಡ, ಗಾಡಿಯ ಎಣ್ಣೆ ಸೋರಿದ ನೀರು ಅದು. ದಾರಿ ದಾಟಿಸಲು ಮೋರಿ ಪೈಪು ಹಾಕುವುದಾದರೆ ಒಂದಡಿಗಿಂತ ಸಣ್ಣದು ಹಾಕಬೇಡಿ. ಒಂದು ಅಡಿಕೆ ಹಾಳೆ, ನಾಲ್ಕು ಹಲಸಿನ ಎಲೆ ಸಾಕು ಅದು ಕಟ್ಟಿಕೊಳ್ಳಲು.

ಜಾಗ ಸಾಲ್ತಾ ಇಲ್ಲ. ಹಿಂದಿನ ಗುಡ್ಡ ಸ್ವಲ್ಪ ಕಡಿದು ಸಮ ಮಾಡ್ಲಾ?

ಬೇಡ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಗಂಗಾವಳಿ ಹೊಳೆಯವರೆಗೂ ಜಾರಿದ್ದನ್ನು ಮರೆಯಲಿಕ್ಕಿಲ್ಲ. ಬುಡ ಕಡಿದ ಗುಡ್ಡ ಬೇಸಿಗೆಯಲ್ಲಿ ಗೋಡೆಯ ಹಾಗೆ ನಿಂತಿರುತ್ತದೆ, ನೀರು ತುಂಬಿದಾಗ ಅದರ ತೂಕವೂ ಹೆಚ್ಚು, ಹಿಡಿತವೂ ಕಡಿಮೆ. ನಾಲ್ಕು ಕಾರು ಕಡಿಮೆ ನಿಲ್ಲಲಿ.

ನಮ್ಮದು ಗೋಕರ್ಣದ ಹತ್ರ, ಪೂರ್ತಿ ಉಸುಕಿನ ನೆಲ. ನಮಗೂ ಇದೇ ಲೆಕ್ಕವಾ?

ನೀರಿನ ಚಿಂತೆ ನಿಮಗೆ ಕಡಿಮೆ, ಉಸುಕು ಕುಡಿದುಬಿಡುತ್ತದೆ. ನಿಮ್ಮ ಕಷ್ಟ ಬೇರೆ. ಒಣ ಉಸುಕು ಪಕ್ಕಕ್ಕೆ ಸರಿಯುತ್ತದೆ, ಜಲ್ಲಿ ಅದರೊಳಗೆ ಹೂತುಹೋಗುತ್ತದೆ. ಜಿಯೋಟೆಕ್ಸ್‌ಟೈಲ್ ಹಾಸಿ, ಸುತ್ತ ಚಿರೆಕಲ್ಲಿನ ಅಂಚು ಕಟ್ಟಿ ಜಲ್ಲಿಯನ್ನು ತಟ್ಟೆಯಲ್ಲಿ ಇಟ್ಟ ಹಾಗೆ ಇಡಬೇಕು. ಕಡಲ ದಂಡೆಯ ಉಸುಕು ತಂದು ಎತ್ತರಿಸುವ ಯೋಚನೆ ಬೇಡ, ಅದು ಕಾನೂನಿಗೆ ವಿರುದ್ಧ. ಕುಮಟಾ ಕಡೆಯ ಗಜನಿ ಭೂಮಿ ಆಗಿದ್ದರೆ ಪಾರ್ಕಿಂಗಿನ ಆಸೆಯನ್ನೇ ಬಿಡಿ. ಉಪ್ಪುನೀರಿನ ಮೆತ್ತಗಿನ ಜೇಡಿ ಎಷ್ಟು ಜಲ್ಲಿ ಕೊಟ್ಟರೂ ತಿನ್ನುತ್ತದೆ. ಕಗ್ಗ ಭತ್ತವೋ ಸೀಗಡಿಯೋ ಅದಕ್ಕೆ ಸರಿ.

## ನೋಡಿಕೊಳ್ಳುವುದು

ಗುಂಡಿ ಬಿದ್ದಲ್ಲಿ ಜಲ್ಲಿ ತುಂಬಿಸ್ತೇನೆ, ಹದಿನೈದು ದಿನಕ್ಕೆ ಮತ್ತೆ ಗುಂಡಿ. ಏನು ತಪ್ಪು?

ಗುಂಡಿ ಅಂದರೆ ಅಲ್ಲಿ ನೀರು ನಿಂತಿತ್ತು ಎಂದು ಅರ್ಥ. ನೀರಿದ್ದಲ್ಲಿ ಚಕ್ರ ಬಿದ್ದಾಗ ಪುಡಿಯೆಲ್ಲ ಚಿಮ್ಮಿ ಹೋಗುತ್ತದೆ, ಬರೀ ಕಲ್ಲು ಉಳಿಯುತ್ತದೆ, ಅದೂ ಹಾರುತ್ತದೆ. ಮೇಲೆ ಸಡಿಲ ಜಲ್ಲಿ ಸುರಿದರೆ ಬಟ್ಟಲಿನ ಆಕಾರ ಹಾಗೇ ಉಳಿಯುತ್ತದೆ. ಗುಂಡಿಯ ತಳದವರೆಗೆ ಸುತ್ತಲೂ ಗುದ್ದಲಿಯಿಂದ ಕೆರೆದು ಸಡಿಲ ಮಾಡಿ. ನೀರು ತೆಗೆಯಿರಿ. ಡಸ್ಟ್ ಬೆರೆತ ಹಸಿ ಜಲ್ಲಿಯನ್ನು ಎರಡು ಪದರದಲ್ಲಿ ತುಂಬಿ ದಮ್ಮಸಿನಿಂದ ಕುಟ್ಟಿ. ಸುತ್ತಲಿನ ಅಂಗಳಕ್ಕಿಂತ ಬೆರಳು ದಪ್ಪ ಎತ್ತರವೇ ಇರಲಿ. ಒಂದೇ ಜಾಗದಲ್ಲಿ ಮೂರು ಸಲ ಗುಂಡಿ ಬಿದ್ದರೆ ಜಲ್ಲಿ ಬಿಟ್ಟು ಇಳಿಜಾರು ನೋಡಿ.

ಜಲ್ಲಿ ಎಲ್ಲ ಅಂಚಿಗೆ ಹೋಗ್ತದೆ. ಪ್ರತಿ ವರ್ಷ ಹೊಸ ಲೋಡ್ ತರಿಸ್ಬೇಕಾ?

ಹೊಸದು ತರಿಸುವ ಮೊದಲು ಇದ್ದದ್ದನ್ನು ಎಳೆಯಿರಿ. ದೀಪಾವಳಿ ಹೊತ್ತಿಗೆ ಒಮ್ಮೆ, ಮೇ ತಿಂಗಳಲ್ಲಿ ಒಮ್ಮೆ, ಕಬ್ಬಿಣದ ಹಲ್ಲಿನ ಕುಂಟೆಯಿಂದ ಅಂಚಿನ ಜಲ್ಲಿಯನ್ನು ನಡುವಿಗೆ ತರುವುದು. ನೆಲ ತುಸು ಹಸಿ ಇರುವಾಗ ಮಾಡಿದರೆ ಮತ್ತೆ ಕಚ್ಚಿಕೊಳ್ಳುತ್ತದೆ. ಜೆಸಿಬಿ ಕರೆಸಿ ಕೆರೆಸುವವರಿದ್ದಾರೆ. ಅವನು ಇಳಿಜಾರನ್ನೂ ಕೆರೆದು ಸಪಾಟು ಮಾಡಿ ಹೋಗುತ್ತಾನೆ, ಹುಷಾರು.

ಆಗಸ್ಟ್ ಬಂದ್ರೆ ಅಂಗಳ ಪೂರ್ತಿ ಹುಲ್ಲು, ಹಾವಸೆ (ಪಾಚಿ). ಔಷಧಿ ಹೊಡೀಲಾ?

ಗಾಡಿ ಓಡಾಡುವಲ್ಲಿ ಹುಲ್ಲು ಬರುವುದಿಲ್ಲ. ಬಂದರೆ ಆ ಜಾಗ ನಿಮಗೆ ಬೇಕಾಗಿಲ್ಲ ಎಂದೇ ಅರ್ಥ. ಔಷಧಿ ಮಳೆಯಲ್ಲಿ ತೊಳೆದು ತೋಟಕ್ಕೆ, ಬಾವಿಗೆ ಇಳಿಯುತ್ತದೆ. ಸೆಪ್ಟೆಂಬರ್‌ನಲ್ಲಿ ಬೀಜ ಕಟ್ಟುವ ಮೊದಲು ಕಿತ್ತರೆ ಮುಂದಿನ ವರ್ಷ ಅರ್ಧ. ಹಾವಸೆ ಕಟ್ಟುವುದು ನೆರಳು ಮತ್ತು ಮಣ್ಣಿನ ಪುಡಿಯಿಂದ. ಕುಂಟೆ ಆಡಿಸಿ, ಮೇಲಿನ ಕೊಂಬೆ ಕಡಿದು ಬಿಸಿಲು ಬಿಡಿ.

ಬೇಸಿಗೆಯಲ್ಲಿ ಧೂಳು ತಡೆಯೋಕಾಗ್ತಿಲ್ಲ. ಏನಾದ್ರೂ ಉಪ್ಪು ಹಾಕ್ತಾರಂತೆ, ಹೌದಾ?

ಹೌದು, ಕ್ಯಾಲ್ಸಿಯಂ ಕ್ಲೋರೈಡ್. ಗಾಳಿಯ ತೇವವನ್ನು ಎಳೆದು ನೆಲವನ್ನು ಹಸಿಯಾಗಿ ಇಡುತ್ತದೆ. ನಮ್ಮ ಮೊದಲ ಮಳೆಗೇ ತೊಳೆದುಹೋಗಿ ಗಿಡದ ಬುಡಕ್ಕೆ ಉಪ್ಪು ಸೇರುತ್ತದೆ, ಅದಕ್ಕೇ ನಾನು ಬೇಡ ಎನ್ನುತ್ತೇನೆ. ಧೂಳು ಜಾಸ್ತಿ ಅಂದರೆ ಮೇಲೆ ಪುಡಿ ಜಾಸ್ತಿ, ಕಲ್ಲು ಕಡಿಮೆ. 12 ಎಂಎಂ ಜಲ್ಲಿ ಒಂದಿಂಚು ಹರಡಿ ಒತ್ತಿಸಿ. ಮದುವೆ ದಿನ ಸಂಜೆ ನೀರು ಚಿಮುಕಿಸಿದರೆ ಸಾಕು.

ಮಾರಿ ಜಾತ್ರೆಗೆ ಬಸ್ಸಿನವರು ನಮ್ಮ ಜಾಗ ಕೇಳ್ತಾರೆ. ಕಾರಿಗೆ ಮಾಡಿದ್ದು, ಕೊಡ್ಬಹುದಾ?

ಶಿರಸಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಅದೂ ಬೇಸಿಗೆಯ ಬಾಗಿಲಲ್ಲಿ. ಒಣ ನೆಲ ಎರಡು ಪಟ್ಟು ಭಾರ ತಡೆಯುತ್ತದೆ ಎನ್ನಲಾರೆ, ಆದರೆ ಹಸಿ ನೆಲಕ್ಕಿಂತ ಬಹಳ ಹೆಚ್ಚು ತಡೆಯುತ್ತದೆ. ಕೊಡಿ. ನಿಂತಲ್ಲೇ ಸ್ಟೇರಿಂಗ್ ತಿರುಗಿಸಬೇಡಿ ಎಂದು ಡ್ರೈವರ್‌ಗೆ ಹೇಳಿ, ಜಲ್ಲಿ ಕೀಳುವುದು ಭಾರಕ್ಕಿಂತ ಹೆಚ್ಚಾಗಿ ಅದರಿಂದ. ಅದೇ ಬಸ್ಸು ಜುಲೈನಲ್ಲಿ ಬಂದರೆ ರಸ್ತೆಯಲ್ಲೇ ನಿಲ್ಲಲಿ.

ತೆಂಗಿನ ಮರ ಕಡಿಬೇಕಾ?

ಮರ ಇರಲಿ, ಕಾರು ಬೇರೆ ಕಡೆ ನಿಲ್ಲಲಿ. ಕಾಯಿ ಬಿದ್ದು ಕಾರಿನ ಎರಡು ಗಾಜು ಹೋದ ಮೇಲೆ ನಾನು ಅಲ್ಲೊಂದು ಬೆಂಚು ಹಾಕಲು ಹೊರಟೆ. ಹೆಂಡತಿ ನಕ್ಕಳು. ಈಗ ಅಲ್ಲಿ ದಾಸವಾಳ ಇದೆ.

## ಹಿಮದ ಊರಿನ ಪ್ರಶ್ನೆಗಳು

ಮಗ ಕೆನಡಾದಲ್ಲಿದ್ದಾನೆ. ಅಲ್ಲಿ ನಮ್ಮಷ್ಟು ಮಳೆಯೇ ಇಲ್ಲ. ಆದ್ರೂ ಅವನ ಜಲ್ಲಿ ಅಂಗಳ ಚಳಿಯಲ್ಲಿ ಉಬ್ಬಿ, ಆಮೇಲೆ ಕೆಸರಾಗ್ತದಂತೆ. ಯಾಕೆ?

ನೀರು ಮಂಜುಗಡ್ಡೆಯಾಗುವಾಗ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ಆದರೆ ನೆಲ ಉಬ್ಬುವುದು ಬರೀ ಅದರಿಂದಲ್ಲ. ಮೇಲಿನ ಮಣ್ಣು ಹೆಪ್ಪುಗಟ್ಟುತ್ತಾ ಬಂದಂತೆ ಕೆಳಗಿನ ನೀರನ್ನು ಮೇಲಕ್ಕೆ ಎಳೆಯುತ್ತದೆ, ದೀಪದ ಬತ್ತಿ ಎಣ್ಣೆ ಎಳೆದ ಹಾಗೆ. ಆ ನೀರು ಮಣ್ಣಿನೊಳಗೆ ಮಂಜಿನ ಹಾಳೆಗಳಾಗಿ ಒಂದರ ಕೆಳಗೊಂದು ಬೆಳೆಯುತ್ತದೆ. ಅಂಗಳ ಇಂಚುಗಟ್ಟಲೆ ಏಳುತ್ತದೆ, ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ.

ಕೆಸರಾಗುವುದು ಕರಗುವಾಗ. ಬಿಸಿಲಿಗೆ ಮೇಲಿನ ಒಂದಡಿ ಮೊದಲು ಕರಗುತ್ತದೆ, ಅದರ ಕೆಳಗೆ ಇನ್ನೂ ಕಲ್ಲಿನಂಥ ಹೆಪ್ಪು. ಕರಗಿದ ನೀರಿಗೆ ಇಳಿಯಲು ದಾರಿಯಿಲ್ಲ. ಆಗ ಅವನ ಅಂಗಳ ನಮ್ಮ ಜುಲೈ ಅಂಗಳವೇ. ಅಮೆರಿಕದ ಈಶಾನ್ಯ ಭಾಗದ ವರ್ಮಾಂಟ್ ಕಡೆ ಆ ವಾರಗಳಿಗೆ ಕೆಸರಿನ ಕಾಲ ಅಂತಲೇ ಹೆಸರು. ಆ ದಿನಗಳಲ್ಲಿ ಭಾರದ ಗಾಡಿ ಬಿಡದಿರುವುದೇ ದೊಡ್ಡ ರಿಪೇರಿ.

ಹಾಗಾದ್ರೆ ಅಲ್ಲಿ ಜಲ್ಲಿ ಇನ್ನೂ ದಪ್ಪ ಹಾಕ್ಬೇಕಾ?

ಹಾಕಬೇಕು. ಆದರೆ ಕೆನಡಾದ ಒಳನಾಡಿನಲ್ಲಿ ನೆಲ ಒಂದೂವರೆ ಮೀಟರಿಗೂ ಹೆಚ್ಚು ಆಳ ಹೆಪ್ಪುಗಟ್ಟುತ್ತದೆ, ಅಷ್ಟು ಜಲ್ಲಿ ಯಾರೂ ತುಂಬಲಾರರು. ಉಬ್ಬಲಿಕ್ಕೆ ಮೂರು ಬೇಕು: ಚಳಿ, ನೀರು, ಬತ್ತಿಯ ಹಾಗೆ ನೀರೆಳೆಯುವ ನಯವಾದ ಮಣ್ಣು. ಚಳಿ ನಮ್ಮ ಕೈಯಲ್ಲಿಲ್ಲ. ಉಳಿದ ಎರಡರಲ್ಲಿ ಒಂದನ್ನು ತೆಗೆಯಬಹುದು. ಜೇಡಿಗಿಂತಲೂ ಅಪಾಯ ಗೋದಿಹಿಟ್ಟಿನ ಹಾಗಿರುವ ಗೋಡು ಮಣ್ಣು. ಅದನ್ನು ಆದಷ್ಟು ಆಳ ತೆಗೆದು, ಪುಡಿ ಬಹಳ ಕಡಿಮೆ ಇರುವ ಒಡೆದ ಕಲ್ಲು ತುಂಬಬೇಕು. ದಪ್ಪ ಕಲ್ಲಿನ ಸಂದಿನಲ್ಲಿ ನೀರು ಮೇಲೇರುವುದಿಲ್ಲ. ಕೆಳಗೆ ಜಿಯೋಟೆಕ್ಸ್‌ಟೈಲ್, ಸುತ್ತ ಆಳದ ಗಟಾರ. ನಮ್ಮಲ್ಲಿ ಗಟಾರ ಮೇಲಿನ ನೀರಿಗೆ, ಅಲ್ಲಿ ಒಳಗಿನ ನೀರಿಗೂ ಬೇಕು.

ಹಿಮ ತೆಗೆಯೋವಾಗ ಜಲ್ಲಿ ಎಲ್ಲ ಹಿಮದ ಜೊತೆಗೇ ಹೋಗ್ತದೆ. ಏನ್ ಮಾಡೋದು ಅಂಕಲ್?

ಮೊದಲ ಹಿಮವನ್ನು ಪೂರ್ತಿ ತೆಗೆಯಬೇಡ. ನೆಲ ಹೆಪ್ಪುಗಟ್ಟುವವರೆಗೆ ಒಂದೆರಡು ಇಂಚು ಹಿಮ ಬಿಟ್ಟು ಗಾಡಿ ಓಡಿಸಿ ತುಳಿಸು. ಅದು ಒತ್ತಿ ಗಟ್ಟಿಯಾಗಿ ಜಲ್ಲಿಗೆ ಮುಚ್ಚಳ ಆಗುತ್ತದೆ. ಹಿಮ ತಳ್ಳುವ ಹಲಗೆಯ ಅಡಿಗೆ ಪಾದದಂಥ ತುಂಡು ಇರುತ್ತದೆ. ಅದನ್ನು ಹೊಂದಿಸಿ ಹಲಗೆ ನೆಲದಿಂದ ಒಂದಿಂಚು ಮೇಲೆ ನಿಲ್ಲುವಂತೆ ಮಾಡು. ಅಂಗಳದ ಅಂಚು ಹಿಮದಲ್ಲಿ ಕಾಣುವುದಿಲ್ಲ. ಚಳಿ ಬರುವ ಮೊದಲೇ, ನೆಲ ಮೆತ್ತಗಿರುವಾಗ, ಎತ್ತರದ ಬಣ್ಣದ ಕೋಲು ಹುಗಿದಿಡು.

ಅಲ್ಲಿ ರಸ್ತೆಗೆಲ್ಲ ಉಪ್ಪು ಹಾಕ್ತಾರೆ. ಜಲ್ಲಿ ಅಂಗಳಕ್ಕೂ ಹಾಕ್ಬಹುದಾ?

ಹಾಕಬಾರದು. ಡಾಂಬರಿನ ಮೇಲೆ ಕರಗಿದ ನೀರು ಹರಿದುಹೋಗುತ್ತದೆ. ಜಲ್ಲಿಯಲ್ಲಿ ಕೆಳಗಿಳಿದು, ಗಟ್ಟಿಯಾಗಿ ಹಿಡಿದುಕೊಂಡಿದ್ದ ಹೆಪ್ಪನ್ನೇ ಕರಗಿಸಿ ನಡುಚಳಿಯಲ್ಲಿ ಕೆಸರು ಮಾಡುತ್ತದೆ. ಮತ್ತೆ ಹೆಪ್ಪುಗಟ್ಟಿದರೆ ಚಕ್ರದ ಗುರುತೆಲ್ಲ ಕಲ್ಲಾಗುತ್ತದೆ. ಸಾದಾ ಉಪ್ಪು ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಹೋದರೆ ಸರಿಯಾಗಿ ಕೆಲಸವನ್ನೂ ಮಾಡುವುದಿಲ್ಲ. ಜಾರದ ಹಾಗೆ ಒರಟು ಮರಳು ಅಥವಾ 6 ಎಂಎಂ ಜಲ್ಲಿ ಉದುರಿಸಿದರೆ ಸಾಕು. ಬೇಸಿಗೆಗೆ ಅದು ಅಂಗಳಕ್ಕೇ ಸೇರುತ್ತದೆ.

ಅಣ್ಣ ಲೇಹ್‌ನಲ್ಲಿ ಕೆಲಸದಲ್ಲಿದ್ದಾನೆ. ಅಷ್ಟು ಚಳಿ, ಆದ್ರೂ ಅಲ್ಲಿನ ಅಂಗಳ ಉಬ್ಬೋದು ಕಡಿಮೆಯಂತೆ. ಹೌದಾ?

ನಂಬಬಹುದಾದ ಮಾತು. ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ, ಚಳಿಗೇನೂ ಕಡಿಮೆಯಿಲ್ಲ. ಆದರೆ ಇಡೀ ವರ್ಷದ ಮಳೆ ಹಿಮ ಸೇರಿಸಿದರೂ 100 ಮಿಲಿಮೀಟರ್ ಆಸುಪಾಸು. ನಮ್ಮಲ್ಲಿ ಒಂದು ಜುಲೈ ಮಧ್ಯಾಹ್ನಕ್ಕೆ ಬೀಳುವಷ್ಟು. ಮಣ್ಣಿನಲ್ಲಿ ನೀರೇ ಇಲ್ಲದಿದ್ದರೆ ಚಳಿ ಯಾವುದನ್ನು ಉಬ್ಬಿಸೀತು? ಕಾಲುವೆ ಪಕ್ಕದ, ನಲ್ಲಿ ಸೋರುವ ಜಾಗದ ಅಂಗಳ ಅಲ್ಲೂ ಉಬ್ಬುತ್ತದೆ, ನೋಡಲು ಹೇಳಿ.

ತೆಗೆದ ಹಿಮ ಎಲ್ಲಿ ರಾಶಿ ಹಾಕ್ಬೇಕು?

ಇಳಿಜಾರಿನ ಕೆಳಬದಿಗೆ, ಬಿಸಿಲು ಬೀಳುವಲ್ಲಿ. ಮೇಲ್ಬದಿಗೆ ಹಾಕಿದರೆ ಹಗಲು ಕರಗಿದ್ದು ಅಂಗಳದ ಮೇಲೆ ಹರಿದು ರಾತ್ರಿ ಗಾಜಾಗುತ್ತದೆ. ಮೋರಿಯ ಬಾಯಿಗಂತೂ ಹಾಕಲೇಬಾರದು. ಹಿಮ ಪೂರ್ತಿ ಕರಗಿ ನೆಲ ಒಣಗಿದ ಮೇಲೆ ರಾಶಿಯಿದ್ದ ಜಾಗದಲ್ಲಿ ಜಲ್ಲಿ ಗುಪ್ಪೆ ಬಿದ್ದಿರುತ್ತದೆ. ಕುಂಟೆ ತೆಗೆದುಕೊಂಡು ಅದನ್ನು ಒಳಗೆ ಎಳೆಯುವುದು. ಕಳೆದ ಸಲ ವಿಡಿಯೋ ಕಾಲ್‌ನಲ್ಲಿ ಆ ಕೆನಡಾದ ಹುಡುಗ ಎಳೆಯುತ್ತಿದ್ದ. ಇಲ್ಲಿ ಅವನ ಅಪ್ಪ ಮಳೆಗಿಂತ ಮೊದಲು ಆಗಲಿ ಎಂದು ಗಟಾರದ ಮಣ್ಣು ತೆಗೆಸುತ್ತಿದ್ದರು.